ಮೊದಲಿನದು, ಕೊನೆಯದು, ಕೂಡಿಸಿ ಅರ್ಧ

ನಮ್ಮ ವಾಡಿಯಲ್ಲಿ ಎರಡು ಮನೆಗಳ ನಡುವಿನ ಬೇಲಿ ಅಂದರೆ ಮುಳ್ಳಲ್ಲ, ತಂತಿಯಲ್ಲ, ಸಾಲಾಗಿ ನಿಲ್ಲಿಸಿದ ಶಹಾಬಾದ್ ಪರ್ಸಿ. ಎದೆಮಟ್ಟದ ಆ ಕಲ್ಲಿನ ಆಚೆ ಕಾಕಾ, ಈಚೆ ನಾನು. ಕಾಕಾ ಗೂಡ್ಸ್ ಗಾಡಿ ಓಡಿಸಿ ನಿವೃತ್ತರಾದವರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ತೊಗರಿ ರೇಟು, ನಳದ ನೀರು, ಯಾರ ಮನೆಯ ಮದುವೆ ಎಲ್ಲಿಗೆ ಬಂತು ಎಂಬುದೆಲ್ಲ ಮುಗಿದರೂ ಮಾತಿಗೇನೂ ಬರ ಇಲ್ಲ. ಅವರ ಮೊಮ್ಮಗಳು ಈ ಸಲ ಪಿಯುಸಿ ಮೊದಲ ವರ್ಷಕ್ಕೆ ಸೈನ್ಸ್ ಸೇರಿದ್ದಾಳೆ. ಹಾಗಾಗಿ ಈಗ ಮಾತೆಲ್ಲ ವೇಗೋತ್ಕರ್ಷದ ಸುತ್ತ.

"ಅಕ್ಕೋರ, ಇಕಿ ರಾತ್ರೆಲ್ಲಾ 'ವಿ ಈಕ್ವಲ್ ಟು ಯು ಪ್ಲಸ್ ಎಟಿ' ಅಂತ ಬಾಯಿಪಾಠ ಮಾಡ್ಲತ್ತಾಳ. ಜೀವಮಾನೆಲ್ಲಾ ಗಾಡಿ ಹೊಡದೀನಿ, ನಮಗ ಇದು ಯಾರೂ ಹೇಳಲಿಲ್ಲ. ಏನದ ರೀ ಇದು?"

ಕಾಕಾಗೆ ಇದನ್ನು ಹೇಳಿಕೊಡಬೇಕಾದದ್ದೇನೂ ಇಲ್ಲ, ಅವರ ಕೈಗೆ ಇದು ಗೊತ್ತು. ನಿಂತ ಗೂಡ್ಸ್ ಗಾಡಿಯನ್ನು ಎಬ್ಬಿಸುವುದು ಹೇಗೆ ಎಂದು ಕೇಳಿದೆ. ಅವರ ಮುಖ ಅರಳಿತು. ಡೀಸೆಲ್ ಎಂಜಿನ್ನಿಗೆ 8 ನಾಚ್ ಇರುತ್ತವೆ. ಒಮ್ಮೆಲೇ ಮೇಲಿನ ನಾಚಿಗೆ ಹೋದರೆ ಚಕ್ರ ಜಾರುತ್ತದೆ, ಕಪ್ಲಿಂಗ್ ಜಗ್ಗುತ್ತದೆ. ಒಂದು ನಾಚ್ ಕೊಟ್ಟು, ಹಿಂದಿನ ಡಬ್ಬಿಗಳೆಲ್ಲ ಎಳೆತಕ್ಕೆ ಬಂದವೋ ನೋಡಿ, ಆಮೇಲೆ ಇನ್ನೊಂದು ಕೊಡಬೇಕು. ಹಳಿ ಒದ್ದೆಯಿದ್ದರೆ ಚಕ್ರದ ಮುಂದೆ ಮರಳು ಬಿಡಬೇಕು. "ಮೀಟರಿನ ಮುಳ್ಳು ಒಂದೇ ಸಮ ಏರಬೇಕು ನೋಡ್ರಿ. ಹಂಗ ಏರಿದ್ರ ಗಾಡಿ ನಮ್ಮ ಮಾತು ಕೇಳ್ಲತ್ತದ ಅಂತ ಅರ್ಥ."

ಒಂದೇ ಸಮ ಏರುವುದು ಅಂದರಲ್ಲ, ಏಕರೂಪ ವೇಗೋತ್ಕರ್ಷ ಅಂದರೆ ಅದೇ. ಪ್ರತಿ ಸೆಕೆಂಡಿಗೆ ವೇಗ ಎಷ್ಟು ಏರಿತೋ ಮುಂದಿನ ಸೆಕೆಂಡಿಗೂ ಅಷ್ಟೇ, ಅದರ ಮುಂದಿನದಕ್ಕೂ ಅಷ್ಟೇ. ಈ ಒಂದು ಮಾತು ಹಿಡಿದುಕೊಂಡರೆ ಪಾಠದ ಉಳಿದ ಭಾಗವನ್ನು ಬಾಯಿಪಾಠ ಮಾಡುವ ಅಗತ್ಯವೇ ಬರುವುದಿಲ್ಲ. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮಕ್ಕಳು ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಕಲಿತು ಪಿಯುಸಿಗೆ ಬಂದಕೂಡಲೇ ಐದು ಇಂಗ್ಲಿಷ್ ಅಕ್ಷರಗಳ ಮುಂದೆ ನಿಲ್ಲುತ್ತಾರೆ. ಗಾಡಿ ಕಣ್ಣ ಮುಂದಿನಿಂದ ಹೋಗಿಬಿಡುತ್ತದೆ, ಅಕ್ಷರಗಳಷ್ಟೇ ಉಳಿಯುತ್ತವೆ. ನನಗೆ ಸಂಕಟವಾಗುವುದು ಅಲ್ಲಿ.

ಹುಡುಗಿ ನೋಟ್‌ಬುಕ್ ತಂದು ಪರ್ಸಿಯ ಮೇಲಿಟ್ಟಳು. ಒಂಬತ್ತನೇ ತರಗತಿಯ 'ಚಲನೆ' ಪಾಠದಲ್ಲೇ ಬರುವ ಲೆಕ್ಕ ಅದು. ನಿಂತಲ್ಲಿಂದ ಹೊರಟ ರೈಲು 5 ನಿಮಿಷದಲ್ಲಿ ಗಂಟೆಗೆ 72 ಕಿ.ಮೀ. ವೇಗಕ್ಕೆ ಬರುತ್ತದೆ. ವೇಗೋತ್ಕರ್ಷ ಎಷ್ಟು, ಅಷ್ಟರಲ್ಲಿ ಹೋದ ದೂರ ಎಷ್ಟು? ಆಕೆ 72ನ್ನು 5ರಿಂದ ಗುಣಿಸಿ 18ರಿಂದ ಭಾಗಿಸಿ ಸೆಕೆಂಡಿಗೆ 20 ಮೀಟರ್ ಮಾಡಿದಳು. 300 ಸೆಕೆಂಡಿಗೆ 20 ಏರಿದರೆ ಸೆಕೆಂಡಿಗೆ 15ರಲ್ಲಿ ಒಂದು ಪಾಲು. ಅದು ಸರಿ. ಆಮೇಲೆ ದೂರಕ್ಕಾಗಿ ವರ್ಗದ ಸೂತ್ರ ಬರೆದು, 400 ಎಂದು ಹಾಕಿ, ಭಿನ್ನರಾಶಿಯನ್ನು ತಿರುಗಿಸಿ ಭಾಗಿಸಿ, 3000 ಮೀಟರ್ ತಂದಳು. ಉತ್ತರ ಸರಿಯೇ. ಆದರೆ 3 ಕಿಲೋಮೀಟರ್ ಯಾಕೆ ಬಂತು ಎಂದರೆ ಮಾತಿಲ್ಲ.

"ಯವ್ವಾ, ಸೊನ್ನೆಯಿಂದ 72ರವರೆಗೆ ಒಂದೇ ಸಮ ಏರಿದರೆ ಸರಾಸರಿ ವೇಗ ಎಷ್ಟು?"

"36, ಅಕ್ಕೋರ."

"36ರಂತೆ ಐದು ನಿಮಿಷ ಹೋದರೆ?"

ಗಂಟೆಗೆ 36 ಅಂದರೆ ಐದು ನಿಮಿಷಕ್ಕೆ 3. ಬಾಯಲ್ಲೇ ಬಂತು. ಮೀಟರಿಗೆ ತಿರುಗಿಸುವುದೂ ಬೇಕಾಗಲಿಲ್ಲ, ವರ್ಗವೂ ಬೇಕಾಗಲಿಲ್ಲ. ಮೊದಲಿನ ವೇಗ, ಕೊನೆಯ ವೇಗ, ಎರಡನ್ನೂ ಕೂಡಿಸಿ ಅರ್ಧ, ಅದಕ್ಕೆ ಕಾಲದ ಗುಣಾಕಾರ. ಅಷ್ಟೇ ದೂರ.

ಅರ್ಧ ತೆಗೆದುಕೊಳ್ಳಲು ನಮಗೆ ಅಧಿಕಾರ ಕೊಟ್ಟವರು ಯಾರು ಎಂದು ಹುಡುಗಿ ಕೇಳಿದಳು. ನನಗೆ ಬಹಳ ಹಿಡಿಸಿದ ಪ್ರಶ್ನೆ ಅದು. ಅಧಿಕಾರ ಕೊಡುವುದು 'ಒಂದೇ ಸಮ' ಎಂಬ ಮಾತು. ನಡು ಹೊತ್ತಿನಲ್ಲಿ, ಅಂದರೆ ಎರಡೂವರೆ ನಿಮಿಷಕ್ಕೆ, ವೇಗ 36. ಅದಕ್ಕಿಂತ ಒಂದು ನಿಮಿಷ ಮೊದಲು 36ಕ್ಕೆ ಎಷ್ಟು ಕಡಿಮೆಯೋ ಒಂದು ನಿಮಿಷದ ನಂತರ ಅಷ್ಟೇ ಹೆಚ್ಚು. ಹಿಂದಿನ ಕೊರತೆಯನ್ನು ಮುಂದಿನ ಹೆಚ್ಚುವರಿ ಸರಿಯಾಗಿ ತುಂಬಿಕೊಡುತ್ತದೆ. ಇದನ್ನೇ 14ನೇ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು ನಿಯಮವಾಗಿ ಹೇಳಿದರು. ಫ್ರಾನ್ಸಿನ ನಿಕೋಲ್ ಒರೆಮ್ ಚಿತ್ರ ಬರೆದು ತೋರಿಸಿದ.

ಉಳಿದ ಸೂತ್ರಗಳೂ ಇಲ್ಲಿಂದಲೇ ಹುಟ್ಟುತ್ತವೆ. ಕೊನೆಯ ವೇಗ ಅಂದರೆ ಮೊದಲಿನ ವೇಗಕ್ಕೆ ಏರಿದ್ದನ್ನು ಕೂಡಿಸುವುದು. ಅದು ವೇಗೋತ್ಕರ್ಷದ ಅರ್ಥವೇ ಹೊರತು ಬೇರೆ ಸೂತ್ರವಲ್ಲ. ಆ ಕೊನೆಯ ವೇಗವನ್ನು ಅರ್ಧಮೊತ್ತದಲ್ಲಿ ಹಾಕಿದರೆ ಕಾಲದ ವರ್ಗವಿರುವ ಎರಡನೆಯ ಸೂತ್ರ ಬಂತು. ಇನ್ನು ಮೂರನೆಯದು. ಏರಿದ ವೇಗ ಅಂದರೆ ವೇಗೋತ್ಕರ್ಷಕ್ಕೆ ಕಾಲದ ಗುಣಾಕಾರ, ದೂರ ಅಂದರೆ ಅರ್ಧಮೊತ್ತಕ್ಕೆ ಕಾಲದ ಗುಣಾಕಾರ. ಎರಡರಿಂದಲೂ ಕಾಲವನ್ನು ಹೊರಗೆ ಹಾಕಿದರೆ ಎರಡು ವೇಗಗಳ ವ್ಯತ್ಯಾಸ ಮತ್ತು ಮೊತ್ತ ಒಂದನ್ನೊಂದು ಗುಣಿಸಿಕೊಂಡು ವರ್ಗಗಳ ವ್ಯತ್ಯಾಸವಾಗುತ್ತದೆ. ಅದು ವೇಗೋತ್ಕರ್ಷ ಮತ್ತು ದೂರದ ಗುಣಲಬ್ಧದ ಎರಡರಷ್ಟು. ಎಂಟನೇ ತರಗತಿಯ ಬೀಜಗಣಿತ ಇಷ್ಟಕ್ಕೆ ಸಾಕು.

ಇಷ್ಟು ಹೊತ್ತು ಸುಮ್ಮನೆ ಕೇಳಿದ ಕಾಕಾ ಕೇಳಿದರು, "ಇದೆಲ್ಲಾ ಹೊರದೇಶದವರೇ ಕಂಡುಹಿಡದಾರೇನ್ರಿ? ನಮ್ಮ ಕಡಿ ಯಾರೂ ಇಂಥ ಲೆಕ್ಕ ಮಾಡಲಿಲ್ಲ?"

ನಮ್ಮ ಕಡೆ ಅಂದರೆ ಎಷ್ಟು ದೂರ! ವಾಡಿಯಿಂದ ಸೇಡಂ ಗಾಡಿ ಹತ್ತಿದರೆ ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಸ್ಟೇಷನ್ ಬರುತ್ತದೆ. 1874ರಲ್ಲಿ ನಿಜಾಮರ ಕಾಲದಲ್ಲಿ ಸಿಕಂದರಾಬಾದಿನಿಂದ ವಾಡಿಗೆ ಹಾಕಿದ ಹಳಿ ಅದು. ಸ್ಟೇಷನ್ನಿನ ಹೆಸರಿನಲ್ಲಿರುವ ಆ ಮಳಖೇಡವೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕಾಗಿಣಾ ನದಿಯ ದಂಡೆಯಲ್ಲಿ ಕೋಟೆ ಇದೆ, ಊರೊಳಗೆ ನೇಮಿನಾಥ ಬಸದಿ ಇದೆ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಿಂದ 'ಕವಿರಾಜಮಾರ್ಗ' ಬಂತೆಂದು ನಮ್ಮ ಕಡೆಯ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತು. ಅದೇ ರಾಜನನ್ನು ಆರಂಭದಲ್ಲೇ ಸ್ತುತಿಸುವ ಇನ್ನೊಂದು ದೊಡ್ಡ ಗ್ರಂಥ, ಸುಮಾರು 850ರ ಹೊತ್ತಿನದು, ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'. ಅದರ ಹೆಸರು ಹೇಳುವ ಮಕ್ಕಳು ಕಡಿಮೆ. ಸಂಸ್ಕೃತದಲ್ಲಿರುವ ಆ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಈಚೆಗೆ ಡಾ. ಪದ್ಮಾವತಮ್ಮನವರ ಶ್ರಮದಿಂದ ಕನ್ನಡದಲ್ಲೂ ಓದಲು ಸಿಕ್ಕಿದೆ.

ಆ ಗ್ರಂಥದಲ್ಲಿ ದಾರಿ ನಡೆಯುವವರ ಒಂದು ಲೆಕ್ಕ ಇದೆ. ಒಬ್ಬ ಮೊದಲು 3 ಅಳತೆ ನಡೆಯುತ್ತಾನೆ, ಆಮೇಲೆ ಪ್ರತಿ ಸಲ 8ರಂತೆ ಹೆಚ್ಚಿಸಿಕೊಂಡು ಹೋಗುತ್ತಾನೆ. ಇನ್ನೊಬ್ಬನ ನಡಿಗೆ ಪ್ರತಿ ಸಲವೂ 21, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಒಟ್ಟಿಗೆ ಹೊರಟವರು ಮತ್ತೆ ಕೂಡುವುದು ಯಾವಾಗ? ಮಹಾವೀರಾಚಾರ್ಯ ಕೊಡುವ ದಾರಿ ಚಿಕ್ಕದು. ಸಮ ನಡಿಗೆಯಿಂದ ಮೊದಲಿನ ನಡಿಗೆಯನ್ನು ಕಳೆ, ಹೆಚ್ಚಳದ ಅರ್ಧದಿಂದ ಭಾಗಿಸು, ಒಂದು ಕೂಡಿಸು. 21ರಲ್ಲಿ 3 ಹೋದರೆ 18, ಅದನ್ನು 4ರಿಂದ ಭಾಗಿಸಿದರೆ ನಾಲ್ಕೂವರೆ, ಒಂದು ಕೂಡಿಸಿದರೆ ಐದೂವರೆ.

ಹುಡುಗಿ ಆಗಲೇ ಹಾಳೆ ತುಂಬ ಬರೆಯಲು ಶುರು ಮಾಡಿದ್ದಳು. ಹೆಚ್ಚಿಸುತ್ತ ಹೋಗುವವನದು ದಿನಕ್ಕೆ 3, 11, 19, 27, 35. ಐದು ದಿನಕ್ಕೆ 95. ಇನ್ನೊಬ್ಬನದು 105. ಆರನೆಯ ದಿನ ಮೊದಲನೆಯವನು 43 ನಡೆದು 138 ಆಗುತ್ತಾನೆ, ಇನ್ನೊಬ್ಬ 126. ಅಂದರೆ ಆರನೆಯ ದಿನದ ನಡುವೆ ಎಲ್ಲೋ ಭೇಟಿ. "ಮುತ್ಯಾ, ಇದು ನಮ್ಮ ಸಮಾಂತರ ಶ್ರೇಢಿ ಲೆಕ್ಕ ಅದ! ಹತ್ತನೇದಾಗ ಮಾಡೀನಿ" ಎಂದು ಕೂಗಿದಳು.

ಹೌದು. ಹಳೆಯ ಗಣಿತದವರು ಶ್ರೇಢಿಯ ಮೊದಲ ಪದಕ್ಕೆ ಆದಿ, ಹೆಚ್ಚಳಕ್ಕೆ ಚಯ, ಎಷ್ಟು ಪದಗಳೋ ಅದಕ್ಕೆ ಗಚ್ಛ, ನಡುವಿನ ಬೆಲೆಗೆ ಮಧ್ಯಧನ, ಒಟ್ಟಿಗೆ ಸರ್ವಧನ ಅನ್ನುತ್ತಿದ್ದರು. ಮೊದಲ ವೇಗ, ವೇಗೋತ್ಕರ್ಷ, ಕಾಲ, ಸರಾಸರಿ ವೇಗ, ದೂರ ಎಂದು ಈಗ ಪಿಯುಸಿಯಲ್ಲಿ ಬರುವುದು ಇದೇ ಸಾಲು. ಆದಿ ಅಂತ್ಯಗಳ ಅರ್ಧಮೊತ್ತವೇ ಮಧ್ಯಧನ, ಅದನ್ನು ಗಚ್ಛದಿಂದ ಗುಣಿಸಿದರೆ ಸರ್ವಧನ. ಅದೇ ಗ್ರಂಥದ ಕ್ಷೇತ್ರಗಣಿತದಲ್ಲಿ ನಾಲ್ಕು ಬದಿಯ ಹೊಲವನ್ನು ವ್ಯವಹಾರಕ್ಕೆ ಸಾಕಾಗುವಷ್ಟು ಅಂದಾಜು ಅಳೆಯಲು ಎದುರುಬದುರು ಬದಿಗಳ ಅರ್ಧಮೊತ್ತಗಳನ್ನು ಗುಣಿಸು ಎಂದಿದೆ. ವೇಗ ಮತ್ತು ಕಾಲದ ನಕ್ಷೆ ಬರೆದರೆ ಗೆರೆಯ ಕೆಳಗೆ ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ ಇರುವ ಹೊಲದಂಥ ಆಕಾರ ಮೂಡುತ್ತದೆ. ಎರಡು ಬದಿ ಒಂದಕ್ಕೊಂದು ಸಮಾಂತರ, ತಳಕ್ಕೆ ನೇರ ಇರುವುದರಿಂದ ಅಲ್ಲಿ ಆ ಎರಡರ ಅರ್ಧಮೊತ್ತವನ್ನು ತಳದಿಂದ ಗುಣಿಸಿದ ಲೆಕ್ಕ ಅಂದಾಜಲ್ಲ, ಪೂರಾ ನಿಖರ. ಆ ಹೊಲದ ವಿಸ್ತೀರ್ಣವೇ ಗಾಡಿ ಹೋದ ದೂರ.

ಒಂದು ಸೂಕ್ಷ್ಮ ಮಾತ್ರ ಬಿಡಬಾರದು. ಮಹಾವೀರಾಚಾರ್ಯನ ಪ್ರಯಾಣಿಕನದು ಮೆಟ್ಟಿಲು ಹತ್ತಿದ ಹಾಗೆ, ಕಾಕಾನ ಗಾಡಿಯದು ಇಳಿಜಾರು ಏರಿದ ಹಾಗೆ. ಪ್ರಯಾಣಿಕ ಆರನೆಯ ದಿನವಿಡೀ ಒಂದೇ ವೇಗದಲ್ಲಿ ನಡೆದರೆ 10 ಅಳತೆ ಹಿಂದೆಬಿದ್ದದ್ದನ್ನು ದಿನಕ್ಕೆ 22ರಂತೆ ತುಂಬುತ್ತಾನೆ. ಆಗ ಭೇಟಿ ಐದು ದಿನ ಮತ್ತು ದಿನದ 11ರಲ್ಲಿ 5 ಪಾಲಿಗೆ, ಐದೂವರೆಗಿಂತ ಸ್ವಲ್ಪ ಮುಂಚೆ. ಸೂತ್ರ ಐದೂವರೆ ಅನ್ನುತ್ತದೆ, ಯಾಕೆಂದರೆ ಅದು ದಿನದ ನಡುವೆಯೂ ಏರಿಕೆ ನಿಲ್ಲದೆ ನಡೆಯುತ್ತದೆ ಎಂದು ಹಿಡಿಯುತ್ತದೆ. ಮೆಟ್ಟಿಲನ್ನು ಸಣ್ಣದು ಮಾಡುತ್ತ ಹೋದರೆ, ದಿನದ ಬದಲು ಗಂಟೆ, ಗಂಟೆಯ ಬದಲು ಸೆಕೆಂಡು, ಈ ಅಂತರ ಕರಗುತ್ತ ಹೋಗುತ್ತದೆ. ಶ್ರೇಢಿಯಿಂದ ಚಲನೆಗೆ ದಾಟುವ ಜಾಗ ಇದೇ. ಮಕ್ಕಳನ್ನು ಕೈಹಿಡಿದು ಇಲ್ಲಿ ದಾಟಿಸಿದರೆ ಮುಂದೆ ಕಲನಶಾಸ್ತ್ರ ಬಂದಾಗ ಅವರು ಹೆದರುವುದಿಲ್ಲ.

ಕಾಕಾಗೆ ಮಳಖೇಡದ ಹೆಸರು ಕೇಳಿ ಖುಷಿಯಾಗಿತ್ತು. ಆದರೂ, "ಕಾಗದದ ಮ್ಯಾಲ ಸರಿ, ಕಣ್ಣಿಗೆ ಕಾಣಬೇಕಲ್ರಿ" ಎಂದರು. ಅದಕ್ಕೂ ನಮ್ಮಲ್ಲೇ ಸಾಮಾನು ಇದೆ. ಶಹಾಬಾದಿನ ಸುಣ್ಣಕಲ್ಲು ಪದರ ಪದರವಾಗಿ ಸೀಳುತ್ತದೆ, ಅದಕ್ಕೇ ಊರೆಲ್ಲ ಹಾಸುಗಲ್ಲಾಗಿದೆ. ಪಾಲಿಶ್ ಮಾಡಿದ ಆರು ಅಡಿಯ ಪರ್ಸಿ ತೆಗೆದುಕೊಳ್ಳಿ. ಒಂದು ತುದಿಯನ್ನು ಇನ್ನೊಂದಕ್ಕಿಂತ ಎರಡು ಇಂಚು ಎತ್ತರಿಸಿ. ಗೋಲಿ ಪಕ್ಕಕ್ಕೆ ಸರಿಯದಂತೆ ಎರಡು ನೇರ ಪಟ್ಟಿಗಳನ್ನು ಉದ್ದಕ್ಕೆ ಇಟ್ಟು ಓಣಿ ಮಾಡಿ. ಮೇಲಿನ ತುದಿಯಿಂದ 10, 40, 90, 160 ಸೆಂಟಿಮೀಟರಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೋಲಿಯನ್ನು ನೂಕದೆ ಬಿಡಿ. ಮೊದಲ ಗೆರೆಗೆ ಸುಮಾರು ಒಂದು ಸೆಕೆಂಡು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ನಾಲ್ಕು. ಕಲ್ಲು ತುಸು ಒರಟಿದ್ದು ಗೋಲಿ ತಡವಾಗಿ ಬಂದರೆ ತುದಿಯನ್ನು ಕೂದಲೆಳೆಯಷ್ಟು ಎತ್ತಿದರೆ ಸರಿಹೋಗುತ್ತದೆ. ಇಷ್ಟು ಇಳಿಜಾರಿನಲ್ಲಿ ಉರುಳುವ ಗಟ್ಟಿ ಗೋಲಿಯ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 0.2 ಮೀಟರ್ ಆಸುಪಾಸು. ಜಾರುವ ವಸ್ತುವಿಗಿಂತ ಇದು ಕಡಿಮೆ, ಯಾಕೆಂದರೆ ಇಳಿಜಾರು ಕೊಟ್ಟದ್ದರಲ್ಲಿ 7ರಲ್ಲಿ 2 ಪಾಲು ಗೋಲಿಯನ್ನು ತಿರುಗಿಸುವುದಕ್ಕೇ ಖರ್ಚಾಗುತ್ತದೆ.

ಗೆರೆಗೆರೆಗಳ ನಡುವಿನ ದೂರ ನೋಡಿ, 10, 30, 50, 70. ಒಂದು, ಮೂರು, ಐದು, ಏಳು. ಗೆಲಿಲಿಯೋ ಹೀಗೇ ಮಾಡಿದ. ಹಲಗೆಯಲ್ಲಿ ಕಾಲುವೆ ತೋಡಿ, ನುಣುಪಿಗೆ ಚರ್ಮದ ಹಾಳೆ ಅಂಟಿಸಿ, ಕಂಚಿನ ಗುಂಡು ಉರುಳಿಸಿ, ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನು ತೂಗಿ ಕಾಲ ಅಳೆದ. 1638ರ ತನ್ನ ಗ್ರಂಥದಲ್ಲಿ ಈ ಬೆಸಸಂಖ್ಯೆಗಳ ಸಾಲನ್ನು ಕೊಟ್ಟ. ಆದಿ 1, ಚಯ 2 ಇರುವ ಶ್ರೇಢಿ ಅದು. ಎಷ್ಟು ಪದ ಕೂಡಿಸಿದರೂ ಪದಗಳ ಸಂಖ್ಯೆಯ ವರ್ಗ ಬರುತ್ತದೆ. ಇಳಿಜಾರನ್ನು ಕಡಿದಾಗಿಸುತ್ತ ಹೋದರೆ ಚಯ ಹೆಚ್ಚುತ್ತದೆ, ಸಾಲಿನ ರೀತಿ ಬದಲಾಗುವುದಿಲ್ಲ. ನೆಟ್ಟಗೆ ಬೀಳುವ ಕಲ್ಲಿನ ತನಕ ಬಂದರೆ ಮೊದಲ ಸೆಕೆಂಡಿಗೆ 4.9 ಮೀಟರ್, ಎರಡನೆಯದರಲ್ಲಿ 14.7, ಮೂರನೆಯದರಲ್ಲಿ 24.5. ಚಿಂಚೋಳಿ ಕಾಡಿನ ಎತ್ತಿಪೋತದಲ್ಲಿ ಮಳೆಗಾಲದ ನೀರು ಧುಮುಕುವಾಗ ಮೇಲೆ ಒತ್ತಾಗಿದ್ದ ಧಾರೆ ಕೆಳಗೆ ಬರುತ್ತ ಬಿಡಿಬಿಡಿಯಾಗುವುದಕ್ಕೆ ಒಂದು ಕಾರಣ ಇದೇ. ಮುಂದೆ ಬಿದ್ದ ಹನಿ ಯಾವಾಗಲೂ ಹಿಂದಿನದಕ್ಕಿಂತ ವೇಗದಲ್ಲಿ ಮುಂದಿರುತ್ತದೆ, ಅಂತರ ಬೆಳೆಯುತ್ತಲೇ ಹೋಗುತ್ತದೆ.

"ಆದ್ರ ಗಾಡಿ ಹಂಗ ಕೊನೀತನಾ ಒಂದೇ ಸಮ ಏರಂಗಿಲ್ಲ ಅಕ್ಕೋರ" ಎಂದರು ಕಾಕಾ. ಅನುಭವದ ಮಾತು. ರೈಲಿನಲ್ಲಿ ಕೂತು ಮೊಬೈಲಿನ ಜಿಪಿಎಸ್ ತೋರಿಸುವ ವೇಗವನ್ನು ಹತ್ತು ಹತ್ತು ಸೆಕೆಂಡಿಗೆ ಬರೆದುಕೊಂಡರೆ ಯಾರಿಗೂ ಕಾಣುತ್ತದೆ. ಮೊದಮೊದಲು ಏರಿಕೆ ಹೆಚ್ಚುಕಡಿಮೆ ಸಮ, ಆಮೇಲೆ ಏರಿಕೆ ಸಣ್ಣದಾಗುತ್ತ ಬರುತ್ತದೆ. ಎಂಜಿನ್ನಿನ ಶಕ್ತಿಗೆ ಮಿತಿ ಇದೆ. ಅಷ್ಟೇ ಶಕ್ತಿಯಲ್ಲಿ ವೇಗ ಎರಡರಷ್ಟಾದರೆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಮೇಲಿಂದ ಗಾಳಿಯ ತಡೆ ಬೇರೆ. ಹೀಗೆ ಮೊದಲು ಬೇಗ ಏರಿ ಆಮೇಲೆ ನಿಧಾನಿಸುವ ಗಾಡಿ ನಿಜವಾಗಿ ಹೋದ ದೂರ ನಮ್ಮ ಅರ್ಧದ ಲೆಕ್ಕಕ್ಕಿಂತ ಹೆಚ್ಚಿರುತ್ತದೆ. ಮಕ್ಕಳಿಗೆ ಇದನ್ನು ಮುಚ್ಚಿಡಬಾರದು. ಮೂರು ಸೂತ್ರಗಳ ಬಾಗಿಲಲ್ಲಿ 'ವೇಗೋತ್ಕರ್ಷ ಏಕರೂಪವಾಗಿದ್ದರೆ ಮಾತ್ರ' ಎಂಬ ಷರತ್ತು ನಿಂತಿದೆ ಎಂದು ಪ್ರತಿ ಲೆಕ್ಕಕ್ಕೂ ಮೊದಲು ಹೇಳಬೇಕು. ಷರತ್ತು ಗೊತ್ತಿದ್ದವರಿಗೇ ಉತ್ತರದ ಮೇಲೆ ಎಷ್ಟು ನಂಬಿಕೆ ಇಡಬೇಕೆಂಬುದು ತಿಳಿಯುತ್ತದೆ.

ನಿಲ್ಲಿಸುವ ಲೆಕ್ಕ ಇನ್ನೂ ಮುಖ್ಯ, ಯಾಕೆಂದರೆ ಅಲ್ಲಿ ಜೀವದ ಪ್ರಶ್ನೆ ಇದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಲಾರಿಗಳು, ಟ್ಯಾಂಕರುಗಳು ಹಗಲೂ ರಾತ್ರಿ ನಮ್ಮ ರಸ್ತೆಗಳ ಮೇಲಿವೆ. ಅವುಗಳ ನಡುವೆಯೇ ನಮ್ಮ ಹುಡುಗರು ಬೈಕ್ ಓಡಿಸುತ್ತಾರೆ. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕು ಸೆಕೆಂಡಿಗೆ 5 ಮೀಟರಿನಂತೆ ವೇಗ ಇಳಿಸುತ್ತದೆ ಎಂದು ಹಿಡಿಯಿರಿ. ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ಹೋಗುತ್ತಿದ್ದರೆ ನಿಲ್ಲಲು 2 ಸೆಕೆಂಡು, ಸರಾಸರಿ 5, ದೂರ 10 ಮೀಟರ್. ಗಂಟೆಗೆ 72 ಇದ್ದರೆ 4 ಸೆಕೆಂಡು, ಸರಾಸರಿ 10, ದೂರ 40 ಮೀಟರ್. ವೇಗ ಎರಡರಷ್ಟು, ದೂರ ನಾಲ್ಕರಷ್ಟು. ಸರಾಸರಿಯೂ ದುಪ್ಪಟ್ಟು, ಕಾಲವೂ ದುಪ್ಪಟ್ಟು, ಅದಕ್ಕೇ ನಾಲ್ಕು ಬಂತು. ವರ್ಗದ ಸೂತ್ರ ಹೇಳುವುದೂ ಇದನ್ನೇ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 20 ಮೀಟರ್ ಹೋಗಿರುತ್ತದೆ. ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿ ಬಿಟ್ಟುಹೋದ ಎರೆಮಣ್ಣು ಮಳೆಗೆ ನೆನೆದು ರಸ್ತೆ ಜಾರುತ್ತಿದ್ದು ಹಿಡಿತ ಅರ್ಧಕ್ಕೆ ಇಳಿದರೆ 40ರ ಜಾಗಕ್ಕೆ 80 ಮೀಟರ್ ಬೇಕು. ಚಿಂಚೋಳಿಯಿಂದ ಕುಂಚಾವರಂ ಕಡೆಗಿನ ಕಾಡಿನ ರಸ್ತೆಯ ತಿರುವಿನಲ್ಲಿ ಎದುರಿನ 80 ಮೀಟರ್ ಎಷ್ಟು ಕಡೆ ಕಾಣುತ್ತದೆ ಹೇಳಿ. ಬೈಕಿನ ಕೀಲಿ ಕೇಳುವ ಮಗನಿಗೆ ಈ ಲೆಕ್ಕವನ್ನು ಕೂರಿಸಿ ಮಾಡಿಸಿ, ಆಮೇಲೆ ಕೀಲಿ ಕೊಡಿ.

ಹುಡುಗಿ ಪುಸ್ತಕ ಮಡಿಚುವ ಹೊತ್ತಿಗೆ ಕಾಕಾ ತಮ್ಮದೊಂದು ಲೆಕ್ಕ ತೆಗೆದರು. ನಮ್ಮ ಕಡೆ ಯಾವ ಊರಿನವರಿಗೂ ಪರಿಚಯವಿರುವ ಬೇಡಿಕೆ ಅದು. ಗಾಡಿ ನಮ್ಮೂರಲ್ಲಿ ಎರಡು ನಿಮಿಷ ನಿಲ್ಲಿಸಿ, ಎರಡು ನಿಮಿಷದಿಂದ ರೈಲ್ವೆಗೆ ಏನು ಹೋಗುತ್ತದೆ ಅಂತ. "ಎರಡ ನಿಮಿಷ ಅಲ್ರಿ ಹೋಗೋದು, ಅದಕಿಂತ ಜಾಸ್ತಿ ಹೋಗ್ತದ. ನಮಗ ಗೊತ್ತದ, ಆದ್ರ ಎಷ್ಟು ಅಂತ ಹೇಳ್ಲಾಕ ಬರಂಗಿಲ್ಲ."

ಹುಡುಗಿ ಮತ್ತೆ ಪೆನ್ನು ಹಿಡಿದಳು. 72ರ ವೇಗದಲ್ಲಿರುವ ಗಾಡಿ ಬ್ರೇಕ್ ಹಾಕಿ ನಿಲ್ಲಲು 1 ನಿಮಿಷ, ನಿಂತದ್ದು 2 ನಿಮಿಷ, ಮತ್ತೆ 72ಕ್ಕೆ ಏರಲು 5 ನಿಮಿಷ. ಬ್ರೇಕ್ ಹಾಕಿದ ನಿಮಿಷದಲ್ಲಿ ಸರಾಸರಿ ವೇಗ ಅರ್ಧ, ಆದ್ದರಿಂದ ನಿಲ್ಲದ ಗಾಡಿ ಅರ್ಧ ನಿಮಿಷದಲ್ಲಿ ಹೋಗುವ ದಾರಿಯನ್ನಷ್ಟೇ ಇದು ಹೋಯಿತು. ಅರ್ಧ ನಿಮಿಷ ನಷ್ಟ. ಏರುವ ಐದು ನಿಮಿಷದಲ್ಲಿಯೂ ಸರಾಸರಿ ಅರ್ಧ, ಎರಡೂವರೆ ನಿಮಿಷ ನಷ್ಟ. ನಿಂತದ್ದು ಎರಡು. ಒಟ್ಟು 5 ನಿಮಿಷ. ಸೂತ್ರವನ್ನು ಮುಟ್ಟಲೇ ಇಲ್ಲ. "ಏರೋದು ಒಂದೇ ನಿಮಿಷದಾಗ ಆದ್ರ?" ಎಂದು ತಾನೇ ಕೇಳಿಕೊಂಡು ತಾನೇ ಹೇಳಿದಳು, "ಆಗ ಮೂರೇ ನಿಮಿಷ ಹೋಗ್ತದ ಮುತ್ಯಾ!"

ಬೇಗ ಏರುವ ಗಾಡಿಗೆ ಬೆಲೆ ಇರುವುದು ಅದಕ್ಕೇ. ಹತ್ತಿರ ಹತ್ತಿರದ ಸ್ಟೇಷನ್ನುಗಳಿಗೆ ಮೆಮು ಗಾಡಿ ಹಾಕುವುದು ಅದರ ಮೋಟಾರುಗಳು ಗಾಡಿಯುದ್ದಕ್ಕೂ ಹಂಚಿಕೊಂಡಿದ್ದು ಅದು ಬೇಗ ವೇಗ ಹಿಡಿಯುತ್ತದೆ ಎಂದು. ಎರಡನೆಯ ಪೀಳಿಗೆಯ ವಂದೇ ಭಾರತ್ ಸೊನ್ನೆಯಿಂದ 100ಕ್ಕೆ 52 ಸೆಕೆಂಡಿನಲ್ಲಿ ಬರುತ್ತದೆ ಎಂದು ರೈಲ್ವೆ ಹೇಳಿದೆ. ಏರಿಕೆ ಒಂದೇ ಸಮ ಎಂದು ಹಿಡಿದರೆ ಹೊರಡುವಾಗಿನ ನಷ್ಟ ಬರೀ 26 ಸೆಕೆಂಡು, ಅಷ್ಟರಲ್ಲಿ ಹೋದ ದೂರ 722 ಮೀಟರ್. 2024ರ ಮಾರ್ಚಿನಿಂದ ಕಲಬುರಗಿಗೂ ಬೆಂಗಳೂರಿಗೂ ನಡುವೆ ವಂದೇ ಭಾರತ್ ಓಡಾಡುತ್ತಿದೆ. ಅದು ನಮ್ಮ ಊರುಗಳನ್ನು ದಾಟುವಾಗ ಮಕ್ಕಳು ಕೈಬೀಸುವುದರ ಜೊತೆಗೆ ಈ ಲೆಕ್ಕವನ್ನೂ ಮಾಡಲಿ. ರೈಲು ಇನ್ನೂ ಮುಟ್ಟದ ಚಿಂಚೋಳಿಯ ಮಕ್ಕಳು ಬಸ್ಸಿನ ನಿಲುಗಡೆಗಳ ಮೇಲೆ ಇದೇ ಲೆಕ್ಕ ಮಾಡಬಹುದು. ಎಲ್ಲರಿಗೂ ಒಂದೇ ಅರ್ಧ.

ನಾನು ಕಾಕಾಗೆ ಹೇಳಿದ್ದು ಇಷ್ಟು. ನಿಲುಗಡೆ ಕೇಳುವ ಮನವಿಯಲ್ಲಿ 'ಎರಡೇ ನಿಮಿಷ ನಿಲ್ಲಿಸಿ' ಎಂದು ಬರೆಯಬೇಡಿ. ಬರುವ ವೇಗ ಇಷ್ಟು, ನಿಲ್ಲಲು ಇಷ್ಟು, ಏರಲು ಇಷ್ಟು, ಒಟ್ಟು ತಡ ಐದು ನಿಮಿಷ ಎಂದು ಬರೆಯಿರಿ. ಆ ಐದು ನಿಮಿಷಕ್ಕೆ ಪ್ರತಿಯಾಗಿ ಎಷ್ಟು ಜನ ಹತ್ತುತ್ತಾರೆ, ಎಷ್ಟು ಮಕ್ಕಳು ಕಾಲೇಜಿಗೆ ಹೋಗುತ್ತಾರೆ ಎಂಬುದನ್ನೂ ಬರೆಯಿರಿ. ನಷ್ಟವನ್ನು ನಾವೇ ನಿಖರವಾಗಿ ಹೇಳಿದರೆ ಲಾಭದ ಬಗ್ಗೆ ನಾವು ಹೇಳುವ ಮಾತಿಗೂ ತೂಕ ಬರುತ್ತದೆ. ಲೆಕ್ಕದ ಹಾಳೆಯನ್ನು ಬರೆದುಕೊಡಲು ಬೇರೆ ಯಾರನ್ನೂ ಹುಡುಕಬೇಕಾಗಿಲ್ಲ, ಪಿಯುಸಿ ಮೊದಲ ವರ್ಷದ ಹುಡುಗಿ ಸಾಕು.